ಫ್ಯಾರಡೆ: ಸೂಜಿ ಅಲುಗಿದ ದಿನ, ಮೇಜು ನಿಂತ ದಿನ

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಅತ್ತೆ ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದರು. ತಲೆಯ ಹತ್ತಿರ ಒಂದು ಕಾಯಿಲ್ ಹಿಡಿದು, ಆಯಸ್ಕಾಂತದ ಶಕ್ತಿಯಿಂದ ಆಟಿಸಂ ವಾಸಿ ಮಾಡ್ತೀವಿ ಅಂತ ಅದರಲ್ಲಿತ್ತು. ಅತ್ತೆಯ ಮಗನಿಗೆ ಒಂಬತ್ತು ವರ್ಷ, ಆಟಿಸಂ ಇದೆ. ನೀನು ಎಲೆಕ್ಟ್ರಿಕಲ್ ಓದ್ತಿದೀಯಲ್ಲ, ಇದು ನಿಜಾನಾ ಹೇಳು ಅಂದರು. ಕಾಯಿಲ್ ಹೇಗೆ ಕೆಲಸ ಮಾಡುತ್ತೆ ಅನ್ನೋದು ನನಗೆ ಗೊತ್ತಿತ್ತು. ಮೊದಲ ವರ್ಷ ವೈವಾದಲ್ಲಿ ನಮ್ಮನ್ನೆಲ್ಲ ಬೆವರಿಳಿಸಿದ ಫ್ಯಾರಡೆ ನಿಯಮವೇ ಅದು. ಆದರೆ ಅತ್ತೆ ಕೇಳಿದ ಪ್ರಶ್ನೆ ಅದಲ್ಲವಲ್ಲ! ಉತ್ತರ ಹುಡುಕುತ್ತಾ ಹೋಗಿ ಫ್ಯಾರಡೆಯ ಜೀವನವನ್ನೇ ಓದಿ ಮುಗಿಸಿದೆ.

ಮೈಕೆಲ್ ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಈಗ ಲಂಡನ್ನಿಗೆ ಸೇರಿಹೋಗಿರುವ ನ್ಯೂವಿಂಗ್ಟನ್ ಬಟ್ಸ್‌ನಲ್ಲಿ. ಅದೇ ವರ್ಷ ಇಟಲಿಯ ಗ್ಯಾಲ್ವಾನಿ, ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರುವ ಬಗ್ಗೆ ತನ್ನ ಪ್ರಬಂಧ ಪ್ರಕಟಿಸಿದ್ದ. ನರಕ್ಕೂ ವಿದ್ಯುತ್ತಿಗೂ ನಂಟಿದೆ ಅಂತ ಯುರೋಪಿಗೆಲ್ಲ ಸುದ್ದಿಯಾಗುತ್ತಿದ್ದ ಕಾಲ ಅದು.

ಫ್ಯಾರಡೆಯ ಅಪ್ಪ ಕಮ್ಮಾರ, ಆರೋಗ್ಯ ಅಷ್ಟಕ್ಕಷ್ಟೇ. 1801ರ ಬರಗಾಲದಂಥ ದಿನಗಳಲ್ಲಿ ಹುಡುಗನ ಪಾಲಿಗೆ ವಾರಕ್ಕೆ ಒಂದೇ ಬ್ರೆಡ್ಡು. ಓದು, ಬರಹ, ಸ್ವಲ್ಪ ಲೆಕ್ಕ, ಇಷ್ಟಕ್ಕೇ ಶಾಲೆ ಮುಗಿಯಿತು. ಹದಿನಾಲ್ಕನೇ ವಯಸ್ಸಿಗೆ ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ಬೈಂಡಿಂಗ್ ಕಲಿಯಲು ಸೇರಿದ. ರಟ್ಟು ಹಾಕಲು ಬಂದ ಪುಸ್ತಕಗಳನ್ನು ಬಿಡದೆ ಓದಿದ. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿ ವಿದ್ಯುತ್ತಿನ ಬಗ್ಗೆ ಓದಿದ್ದು ಹೀಗೇ.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ಟಿನಿಂದ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯ ಉಪನ್ಯಾಸ ಕೇಳುವ ಅವಕಾಶ ಸಿಕ್ಕಿತು. ಬರೆದುಕೊಂಡ ನೋಟ್ಸನ್ನು ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿದ. ಸುಮಾರು ಮುನ್ನೂರು ಪುಟ! ನಾವು ಪರೀಕ್ಷೆಯ ಹಿಂದಿನ ರಾತ್ರಿ ಜೆರಾಕ್ಸ್ ಹುಡುಕುವವರು, ಬಿಡಿ. 1813ರ ಮಾರ್ಚ್‌ನಲ್ಲಿ ಅಲ್ಲೇ ಸಹಾಯಕನ ಕೆಲಸ ಸಿಕ್ಕಿತು. ಆ ವರ್ಷವೇ ಡೇವಿ ದಂಪತಿಯ ಜೊತೆ ಯುರೋಪ್ ಪ್ರವಾಸ ಹೊರಟ. ಡೇವಿಯ ಹೆಂಡತಿ ಅವನನ್ನು ಆಳಿನ ಹಾಗೆ ನಡೆಸಿಕೊಂಡರೂ, ಬ್ಯಾಟರಿ ಕಂಡುಹಿಡಿದ ವೋಲ್ಟಾನನ್ನು ನೋಡಿ ಬಂದ.

1831ರ ಆಗಸ್ಟ್ 29. ಕಬ್ಬಿಣದ ಒಂದು ಉಂಗುರದ ಎರಡು ಬದಿಗೆ ಬೇರೆ ಬೇರೆ ತಂತಿ ಸುತ್ತಿ, ಒಂದಕ್ಕೆ ಬ್ಯಾಟರಿ ಜೋಡಿಸಿದ. ಇನ್ನೊಂದರ ಪಕ್ಕದಲ್ಲಿದ್ದ ಸೂಜಿ ಸಣ್ಣಗೆ ಅಲುಗಿ ಸುಮ್ಮನಾಯಿತು. ಬ್ಯಾಟರಿ ತೆಗೆದಾಗ ಮತ್ತೆ ಅಲುಗಿತು, ಈ ಸಲ ಎದುರು ದಿಕ್ಕಿಗೆ. ಕರೆಂಟ್ ಒಂದೇ ಸಮ ಹರಿಯುತ್ತಿರುವಾಗ ಏನೂ ಇಲ್ಲ. ಬದಲಾಗುವ ಗಳಿಗೆಯಲ್ಲಿ ಮಾತ್ರ ಚಲನೆ. ವರ್ಷಗಳಿಂದ ಹುಡುಕುತ್ತಿದ್ದದ್ದು ಸಿಕ್ಕಿತ್ತು. ಅಕ್ಟೋಬರ್‌ನಲ್ಲಿ ಬರೀ ಒಂದು ಆಯಸ್ಕಾಂತವನ್ನು ಸುರುಳಿಯೊಳಗೆ ತೂರಿಸಿ ಹೊರತೆಗೆದು ಅದೇ ಫಲ ಪಡೆದ. ಟ್ರಾನ್ಸ್‌ಫಾರ್ಮರ್, ಜನರೇಟರ್ ಎಲ್ಲಕ್ಕೂ ತಾಯಿಬೇರು ಇದೇ.

ಅತ್ತೆ ತೋರಿಸಿದ ಯಂತ್ರವೂ ಇದೇ ಮನೆತನದ್ದು. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತಲೆಯ ಮೇಲೆ ಕಾಯಿಲ್ ಇಟ್ಟು, ಅದರೊಳಗೆ ಕ್ಷಣಾರ್ಧಕ್ಕಿಂತ ಕಡಿಮೆ ಹೊತ್ತು ಭಾರೀ ಕರೆಂಟ್ ಹರಿಸಿದರು. ಕೈ ತಂತಾನೇ ಅದುರಿತು. ಕಾಯಿಲ್ಲೇ ಪ್ರೈಮರಿ, ಮಿದುಳೇ ಸೆಕೆಂಡರಿ ಅಂದುಕೊಳ್ಳಿ. ವಿದ್ಯುತ್ತನ್ನು ತಡೆಯುವ ತಲೆಬುರುಡೆ ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. ಇದಕ್ಕೆ ಟಿಎಂಎಸ್ ಅನ್ನುತ್ತಾರೆ. 2008ರಲ್ಲಿ ಅಮೆರಿಕದ ಎಫ್‌ಡಿಎ ಇದನ್ನು ಖಿನ್ನತೆಯ ಚಿಕಿತ್ಸೆಗೆ ಒಪ್ಪಿತು. ಆಟಿಸಂಗೆ ಒಪ್ಪಿಲ್ಲ, ಅಲ್ಲಿ ಇನ್ನೂ ಪ್ರಯೋಗಗಳೇ ನಡೆಯುತ್ತಿವೆ.

ಹಾಗಾದರೆ ಮಿದುಳಿನಲ್ಲಿ ಕರೆಂಟ್ ಹುಟ್ಟುವುದು ನಿಜ. ಅದರಿಂದ ಮಗುವಿಗೆ ಉಪಯೋಗ ಆಗುತ್ತೆ ಅನ್ನೋದೂ ನಿಜವಾ? ಈ ಪ್ರಶ್ನೆಗೆ ಫ್ಯಾರಡೆಯ ಬದುಕಿನ ಇನ್ನೊಂದು ಪ್ರಯೋಗ ನೋಡಬೇಕು. ನಮ್ಮ ಸಿಲೆಬಸ್ಸಿನಲ್ಲಿ ಅದು ಇಲ್ಲ.

1853ರಲ್ಲಿ ಲಂಡನ್ನಿನ ಮನೆಮನೆಯಲ್ಲಿ ಒಂದು ಹುಚ್ಚು. ಕೆಲವರು ಮೇಜಿನ ಸುತ್ತ ಕೂತು ಕೈ ಇಟ್ಟರೆ ಮೇಜು ತಾನಾಗಿ ತಿರುಗುತ್ತಿತ್ತು. ಆತ್ಮಗಳು ಅಂದರು ಕೆಲವರು, ವಿದ್ಯುತ್ತು ಅಂದರು ಇನ್ನು ಕೆಲವರು. ವಿದ್ಯುತ್ತು ಅಂದಮೇಲೆ ಎಲ್ಲರೂ ಕೇಳಿದ್ದು ಫ್ಯಾರಡೆಯನ್ನೇ. ಅವನು ನಗಲಿಲ್ಲ, ಮೋಸ ಅಂತ ಬೈಯಲೂ ಇಲ್ಲ. ಮೇಜು ತಿರುಗಿಸಬಲ್ಲ ಪ್ರಾಮಾಣಿಕ ಜನರನ್ನೇ ಕರೆಸಿದ. ಅವರ ಕೈಗೂ ಮೇಜಿಗೂ ನಡುವೆ ರಟ್ಟಿನ ಹಾಳೆಗಳನ್ನು ಮೆತ್ತನೆಯ ಅಂಟಿನಿಂದ ಒಂದರ ಮೇಲೊಂದು ಜೋಡಿಸಿಟ್ಟ. ಮೇಜೇ ಮೊದಲು ಚಲಿಸಿದ್ದರೆ ಕೆಳಗಿನ ಹಾಳೆ ಮುಂದೆ ಹೋಗಬೇಕು. ನೋಡಿದರೆ ಮೇಲಿನ ಹಾಳೆಗಳೇ ಹೆಚ್ಚು ಸರಿದಿದ್ದವು. ಅಂದರೆ ತಳ್ಳಿದ್ದು ಕೈಗಳು.

ಆಮೇಲೆ ಕೈಯ ಒತ್ತಡವನ್ನು ತೋರಿಸುವ ಒಂದು ಕಡ್ಡಿ ಜೋಡಿಸಿದ. ಕಡ್ಡಿ ಕಾಣದಂತೆ ಮರೆ ಮಾಡಿದರೆ ಮೇಜು ತಿರುಗುತ್ತಿತ್ತು. ಕೂತವರ ಕಣ್ಣಿಗೆ ಕಡ್ಡಿ ಕಂಡಿತೋ, ಮೇಜು ನಿಂತುಬಿಟ್ಟಿತು! ಅವರ್ಯಾರೂ ಸುಳ್ಳು ಹೇಳುತ್ತಿರಲಿಲ್ಲ. ತಾವು ತಳ್ಳುತ್ತಿದ್ದೇವೆ ಅಂತ ಅವರಿಗೇ ಗೊತ್ತಿರಲಿಲ್ಲ. ಫ್ಯಾರಡೆ ಇದನ್ನು ಟೈಮ್ಸ್ ಪತ್ರಿಕೆಗೆ ಬರೆದ. ಮರುವರ್ಷದ ಒಂದು ಉಪನ್ಯಾಸದಲ್ಲಿ, ನಮಗೆ ಬೇಕಾದದ್ದನ್ನೇ ನಿಜವೆಂದು ನಂಬುವ ಚಪಲವನ್ನು ಹೇಗೆ ತಿದ್ದಿಕೊಳ್ಳಬೇಕು ಅಂತ ಮಾತಾಡಿದ.

ಹೇಳೋದು ಸುಲಭ, ಕಷ್ಟ ಬಂದವರಿಗೆ ಗೊತ್ತು ಅನ್ನಬಹುದು. ಆದರೆ ಫ್ಯಾರಡೆಗೂ ಕಷ್ಟ ಬಂದಿತ್ತು. 1839ರ ಕೊನೆಯ ಹೊತ್ತಿಗೆ ತಲೆಸುತ್ತು, ಮರೆವು ಶುರುವಾಗಿ ಕೆಲಸವನ್ನೇ ನಿಲ್ಲಿಸಬೇಕಾಯಿತು. ಹೆಂಡತಿ ಸಾರಾ ಜೊತೆ ಸ್ವಿಟ್ಜರ್ಲೆಂಡಿಗೆ ಹೋಗಿ ವಿಶ್ರಾಂತಿ ಪಡೆದ. ಮತ್ತೆ ಎದ್ದು 1845ರಲ್ಲಿ ಬೆಳಕಿಗೂ ಕಾಂತಕ್ಕೂ ಇರುವ ನಂಟನ್ನು ಕಂಡುಹಿಡಿದ. ಮರೆವು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಸರ್ ಪದವಿ ಬೇಡ ಅಂದ, ರಾಯಲ್ ಸೊಸೈಟಿಯ ಅಧ್ಯಕ್ಷ ಸ್ಥಾನವನ್ನೂ ಬೇಡ ಅಂದ. 1867ರ ಆಗಸ್ಟ್ 25ರಂದು ಹ್ಯಾಂಪ್ಟನ್ ಕೋರ್ಟಿನ ಮನೆಯಲ್ಲಿ ತೀರಿಕೊಂಡ.

ಅವನ ಕಡ್ಡಿಯ ಕೆಲಸವನ್ನು ಇವತ್ತು ಟಿಎಂಎಸ್ ಪ್ರಯೋಗಗಳಲ್ಲಿ ಹುಸಿ ಕಾಯಿಲ್ ಮಾಡುತ್ತದೆ. ಅದೂ ಟಕ್ ಟಕ್ ಅನ್ನುತ್ತದೆ, ಆದರೆ ಮಿದುಳಿಗೆ ಕರೆಂಟ್ ಮುಟ್ಟಿಸುವುದಿಲ್ಲ. ಯಾರಿಗೆ ಯಾವ ಕಾಯಿಲ್ ಅಂತ ಅವರಿಗೂ ಗೊತ್ತಿರಬಾರದು, ಫಲ ಅಳೆಯುವವರಿಗೂ ಗೊತ್ತಿರಬಾರದು. ಟೊರೊಂಟೊದಲ್ಲಿ ಆಟಿಸಂ ಇರುವ ಹದಿಹರೆಯದವರು ಮತ್ತು ಯುವಕರ ಮೇಲೆ ಹೀಗೆ ನಡೆದ ಒಂದು ಪ್ರಯೋಗ 2020ರಲ್ಲಿ ಪ್ರಕಟವಾಯಿತು. ನೆನಪಿಟ್ಟುಕೊಂಡು ಕೆಲಸ ಮಾಡುವ ಸಾಮರ್ಥ್ಯ ಹೆಚ್ಚುತ್ತಾ ಅನ್ನೋದು ಪ್ರಶ್ನೆ. ಒಟ್ಟಾರೆ ನೋಡಿದಾಗ ನಿಜ ಕಾಯಿಲ್ ಹುಸಿ ಕಾಯಿಲ್‌ಗಿಂತ ಮೇಲು ಅಂತ ತೋರಲಿಲ್ಲ. ಮುಂದೆ ಯಾವುದೋ ಒಂದು ತೊಂದರೆಗೆ ಉಪಯೋಗ ಆಗಲೂಬಹುದು. ಆದರೆ ವಾಸಿ ಮಾಡ್ತೀವಿ ಅನ್ನೋ ಮಾತಿಗೆ ಇವತ್ತು ಆಧಾರ ಇಲ್ಲ. ವಾಸಿ ಮಾಡೋಕೆ ಇದು ಜ್ವರ ಅಲ್ಲ, ನಾವು ಇರೋದೇ ಹೀಗೆ ಅನ್ನುವ ಆಟಿಸಂನವರೂ ಬಹಳ ಇದ್ದಾರೆ.

ಅತ್ತೆಗೆ ಫೋನ್ ಮಾಡಿ ಇಷ್ಟೇ ಹೇಳಿದೆ. ಯಂತ್ರದ ನಿಯಮ ಸುಳ್ಳಲ್ಲ, ಜಾಹೀರಾತಿನ ಭರವಸೆ ಮಾತ್ರ ಪರೀಕ್ಷೆ ಪಾಸಾಗಿಲ್ಲ. ಅಪರೂಪಕ್ಕೆ ಇದರಿಂದ ಫಿಟ್ಸ್ ಬರುವುದೂ ಉಂಟು. ಹೋಗಲೇಬೇಕು ಅಂದರೆ, ಹುಸಿ ಕಾಯಿಲ್ ಜೊತೆ ಹೋಲಿಸಿ ನೋಡಿದ್ದೀರಾ, ಏನನ್ನು ಅಳೆದಿರಿ, ಅಳೆದವರು ಯಾರು ಅಂತ ಕೇಳಿ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೂರು ಪ್ರಶ್ನೆಗಳನ್ನೂ ನಿಧಾನಕ್ಕೆ ಇನ್ನೊಂದು ಸಲ ಹೇಳು, ಬರ್ಕೋತೀನಿ ಅಂದರು.