ಮುಳುಗಿದ ಸರೋವರದ ಸಾಕ್ಷಿ

ತನಗೆ ಅನ್ನವಿಕ್ಕುವ ಸಂಸ್ಥೆಯೇ ತನ್ನ ಪ್ರೀತಿಯ ನೆಲವನ್ನು ಮುಳುಗಿಸಲು ಹೊರಟರೆ ಮನುಷ್ಯನು ಏನು ಮಾಡಬೇಕು? ಈ ಪ್ರಶ್ನೆ ಎದ್ದಾಗಲೆಲ್ಲ ನನಗೆ ಒಲೆಗಾಸ್ ಟ್ರುಖಾನಸ್ ಅವರ ನೆನಪಾಗುತ್ತದೆ. ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪದಲ್ಲಿ ಅವರು ಜಲವಿದ್ಯುತ್ ಆಯೋಗದ ಗುಮಾಸ್ತರಾಗಿದ್ದರು. ಛಾಯಾಗ್ರಹಣ ಅವರ ವೃತ್ತಿಯಲ್ಲ, ಹವ್ಯಾಸ.

ಅವರು ಹುಟ್ಟಿದ್ದು 1923ರಲ್ಲಿ, ಲಿಥುವೇನಿಯಾ ದೇಶದಲ್ಲಿ. ಎರಡನೆಯ ಮಹಾಯುದ್ಧವು ಅವರನ್ನು ತಾಯ್ನಾಡಿನಿಂದ ಕಿತ್ತೆಸೆಯಿತು. ಜರ್ಮನಿಯಲ್ಲಿ ನಿರಾಶ್ರಿತರಾಗಿ ಕಾಲ ಕಳೆದು 1948ರಲ್ಲಿ ಟಾಸ್ಮೇನಿಯಾಕ್ಕೆ ಬಂದರು. ವಲಸೆಯ ಕರಾರಿನಂತೆ ಮೊದಲು ಸತುವಿನ ಕಾರ್ಖಾನೆಯಲ್ಲಿ ದುಡಿದರು. ಬಳಿಕ ಆಯೋಗದ ಕಚೇರಿಯನ್ನು ಸೇರಿದರು. ಬಿಡುವು ದೊರೆತಾಗಲೆಲ್ಲ ಕ್ಯಾಮೆರಾ ಹೆಗಲಿಗೇರಿಸಿ, ದ್ವೀಪದ ನೈಋತ್ಯದಲ್ಲಿ ಜನವಸತಿಯೇ ಇಲ್ಲದ ಬೆಟ್ಟಕಾಡುಗಳತ್ತ ನಡೆದುಬಿಡುತ್ತಿದ್ದರು. 1958ರಲ್ಲಿ ತಾವೇ ಕಟ್ಟಿಕೊಂಡ ಪುಟ್ಟ ದೋಣಿಯಲ್ಲಿ ಪೆಡ್ಡರ್ ಸರೋವರದಿಂದ ಹೊರಟು, ಸರ್ಪೆಂಟೈನ್ ಮತ್ತು ಗಾರ್ಡನ್ ನದಿಗಳ ಭೀಕರ ಕಮರಿಗಳನ್ನು ಒಬ್ಬಂಟಿಯಾಗಿ ದಾಟಿ ಪಶ್ಚಿಮದ ಕಡಲ ಕೊಲ್ಲಿಯನ್ನು ಮುಟ್ಟಿದರು.

ಆ ಪೆಡ್ಡರ್ ಸರೋವರವೇ ಅವರ ಬದುಕಿನ ಕೇಂದ್ರವಾಯಿತು. ಬೆಟ್ಟಗಳ ನಡುವೆ ಕಂದುಬಣ್ಣದ ತಿಳಿನೀರು. ಅದರ ಅಂಚಿಗೆ ಸುಮಾರು 3 ಕಿಲೋಮೀಟರ್ ಉದ್ದದ ನಸುಗೆಂಪು ಮರಳ ದಂಡೆ. ಬೇಸಗೆಯಲ್ಲಿ ಸಣ್ಣ ವಿಮಾನಗಳು ಇಳಿಯುವಷ್ಟು ಅದು ವಿಶಾಲವಾಗಿರುತ್ತಿತ್ತು. 1955ರಲ್ಲಿ ಈ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದ್ದರು. ಆದರೆ 1967ರಲ್ಲಿ ಸರಕಾರವು ಆ ರಕ್ಷಣೆಯನ್ನು ಕಿತ್ತುಹಾಕಿ, ಆಯೋಗದ ಅಣೆಕಟ್ಟುಗಳಿಗೆ ಒಪ್ಪಿಗೆಯಿತ್ತಿತು.

ಅದೇ ವರ್ಷದ ಫೆಬ್ರವರಿ 7ರಂದು ಇನ್ನೊಂದು ಸಿಡಿಲು ಎರಗಿತು. ಹೋಬಾರ್ಟ್ ನಗರದ ಸುತ್ತ ಹಬ್ಬಿದ ಕಾಳ್ಗಿಚ್ಚಿಗೆ 60ಕ್ಕೂ ಹೆಚ್ಚು ಜನ ಬಲಿಯಾದರು. ಟ್ರುಖಾನಸ್ ಅವರ ಮನೆ ಸುಟ್ಟು ಬೂದಿಯಾಯಿತು. ಅದರೊಡನೆ ಎಷ್ಟೋ ವರ್ಷಗಳ ಚಿತ್ರಸಂಗ್ರಹವೂ ಹೋಯಿತು. ಆಗ ಅವರಿಗೆ 43 ವರ್ಷ. ಸಾಮಾನ್ಯನಾದರೆ ಕೈಚೆಲ್ಲಿ ಕುಳಿತುಬಿಡುತ್ತಿದ್ದನು. ಅವರು ಮನೆಯನ್ನು ಮತ್ತೆ ಕಟ್ಟಿದರು. ಅದೇ ಬೆಟ್ಟಗಳನ್ನು ಮತ್ತೆ ಹತ್ತಿ, ಅವೇ ದೃಶ್ಯಗಳನ್ನು ಮತ್ತೆ ಹಿಡಿದರು.

ಆಯೋಗದ ನೌಕರರಾದ ಅವರಿಗೆ ವೇದಿಕೆಯೇರಿ ಅದರ ಯೋಜನೆಯನ್ನು ಖಂಡಿಸುವುದು ಸುಲಭವಿರಲಿಲ್ಲ. ಆದುದರಿಂದ ಚಿತ್ರಗಳನ್ನೇ ಮಾತನಾಡಲು ಬಿಟ್ಟರು. ಹೋಬಾರ್ಟಿನ ಪುರಭವನದಲ್ಲಿ, ಕತ್ತಲೆಯ ಪರದೆಯ ಮೇಲೆ, ಸಂಗೀತದೊಡನೆ ಆ ಸರೋವರ ಮೂಡಿದಾಗ ಅಲ್ಲಿಗೆ ಎಂದೂ ಕಾಲಿಡದ ಜನರಿಗೂ ಅದು ತಮ್ಮದಾಯಿತು. ಡೆನಿಸನ್ ನದಿಯ ದಡದಲ್ಲಿದ್ದ ಹ್ಯುಯೋನ್ ಪೈನ್ ಮರಗಳ ತೋಪು ಉಳಿದದ್ದೂ ಅವರ ಪ್ರಯತ್ನದಿಂದಲೇ. 2000 ವರ್ಷಕ್ಕೂ ಮೀರಿ ಬಾಳಬಲ್ಲ ಮರಗಳವು.

1972ರ ಜನವರಿ 6ರಂದು, ಮುಳುಗಲಿದ್ದ ಗಾರ್ಡನ್ ಕಣಿವೆಯ ಚಿತ್ರಗಳನ್ನು ತೆಗೆಯಲು ಹೋದ ಅವರನ್ನು ನದಿಯ ಸೆಳೆತವು ಒಯ್ದಿತು. ಹುಡುಕಹೊರಟವರಲ್ಲಿ ಅವರ ಕಣ್ಮುಂದೆಯೇ ಬೆಳೆದ ತರುಣ ಛಾಯಾಗ್ರಾಹಕ ಪೀಟರ್ ಡೊಂಬ್ರೋವ್‌ಸ್ಕಿಸ್ ಒಬ್ಬರು. ಗುರುವಿನ ದೇಹ ಕಂಡದ್ದು ಅವರಿಗೇ. ಅದೇ ವರ್ಷ ಸರೋವರವೂ ಮುಳುಗಿತು. ಸುಮಾರು 240 ಚದರ ಕಿಲೋಮೀಟರಿನ ಜಲಾಶಯ ಅದನ್ನು ನುಂಗಿ, ಅದರ ಹೆಸರನ್ನೂ ತಾನೇ ಹೊತ್ತಿತು.

ಟ್ರುಖಾನಸ್ ಸೋತರೆಂದೇ ನಾನು ಬಹುಕಾಲ ತಿಳಿದಿದ್ದೆನು. ಆಮೇಲೆ ಫ್ರಾಂಕ್ಲಿನ್ ನದಿಯ ಕಥೆಯನ್ನು ಓದಿದೆ. ಅದಕ್ಕೂ ಅಣೆಕಟ್ಟು ಕಟ್ಟಲು ಆಯೋಗ ಮುಂದಾದಾಗ, ಮಂಜು ಮುಸುಕಿದ ಆ ನದಿಯ ಒಂದು ಚಿತ್ರ 1983ರ ಚುನಾವಣೆಯ ಹೊತ್ತಿಗೆ ದೇಶದ ಪತ್ರಿಕೆಗಳಲ್ಲಿ ಅಚ್ಚಾಯಿತು. ತೆಗೆದವರು ಡೊಂಬ್ರೋವ್‌ಸ್ಕಿಸ್. ಅಣೆಕಟ್ಟನ್ನು ತಡೆಯುವೆವೆಂದ ಪಕ್ಷ ಗೆದ್ದಿತು. ಜುಲೈ 1ರಂದು ಅಲ್ಲಿಯ ಉಚ್ಚ ನ್ಯಾಯಾಲಯವೂ 4-3ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಫ್ರಾಂಕ್ಲಿನ್ ಇಂದಿಗೂ ಹರಿಯುತ್ತಿದೆ.

ಇದರಿಂದ ಪೆಡ್ಡರ್ ಮೇಲೆದ್ದು ಬರಲಿಲ್ಲ. ಆ ನಷ್ಟವನ್ನು ಯಾವ ಗೆಲುವೂ ತುಂಬದು. ಆದರೂ ಒಂದು ಮಾತು ನನಗೆ ಸ್ಪಷ್ಟವಾಗಿದೆ. ಆ ಚಿತ್ರಗಳಿಲ್ಲದಿದ್ದರೆ ತಾವು ಏನನ್ನು ಕಳೆದುಕೊಂಡೆವೆಂಬುದು ಆ ಜನರಿಗೆ ತಿಳಿಯುತ್ತಲೇ ಇರಲಿಲ್ಲ. ತಿಳಿದುದರಿಂದಲೇ ಎರಡನೆಯ ಬಾರಿ ಅವರು ಎದ್ದುನಿಂತರು.