ಪಂಕ್ತಿಯಲ್ಲಿ ಕೂತು ಉಂಡ ಪಾದ್ರಿ: ಹರ್ಮನ್ ಮೊಗ್ಲಿಂಗ್

ಬೆಳ್ಳಿಹಬ್ಬದ ಸಂಚಿಕೆಗೆ ಹಿರಿಯರೊಬ್ಬರ ಜೀವನ ಚರಿತ್ರೆ ಬರೆದುಕೊಡಿ ಅಂತ ಆಡಳಿತ ಮಂಡಳಿಯವರು ಕೇಳಿದಾಗ ನಾವು ಹರ್ಮನ್ ಮೊಗ್ಲಿಂಗ್ ಅವರ ಹೆಸರು ಹೇಳಿದೆವು. ನಮ್ಮ ಸಹಕಾರಿ ಸಂಘಕ್ಕೂ ಜರ್ಮನಿಯ ಪಾದ್ರಿಗೂ ಏನು ಸಂಬಂಧ ಎಂದು ಒಂದಿಬ್ಬರು ಕೇಳಿಯೇ ಬಿಟ್ಟರು. ಸಿಂಧನೂರು, ಮಸ್ಕಿ, ಲಿಂಗಸೂಗೂರು ಸೀಮೆಗೆ ಕ್ರೈಸ್ತ ಧರ್ಮ ಹೊಸದೇನಲ್ಲ. ಮುದಗಲ್ಲಿನಲ್ಲಿ ಆದಿಲಶಾಹಿ ಕಾಲದಷ್ಟು ಹಳೆಯ ಇಗರ್ಜಿ ಇದೆ. ಆದರೆ ಏಸುಸ್ವಾಮಿ ತನ್ನ ಶಿಷ್ಯರ ಕಾಲು ತೊಳೆದ ಕಥೆಯನ್ನು ಹೇಳುವುದು ಬೇರೆ, ಹಂಗೆ ಬಾಳಿ ತೋರಿಸುವುದು ಬೇರೆ. ಕನ್ನಡ ನೆಲದಲ್ಲಿ ಬಾಳಿ ತೋರಿಸಿದವರಲ್ಲಿ ಇವರೊಬ್ಬರು ಎಂಬುದು ನಮ್ಮ ಅಭಿಪ್ರಾಯ.

ಮೊಗ್ಲಿಂಗರು ಹುಟ್ಟಿದ್ದು 1811ರಲ್ಲಿ, ಜರ್ಮನಿಯ ಬ್ರಾಕೆನ್‌ಹೈಮ್ ಎಂಬ ಊರಲ್ಲಿ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರ ಓದಿದವರು. ತಮ್ಮ ದೇಶದಲ್ಲೇ ಇದ್ದಿದ್ದರೆ ಒಳ್ಳೇ ಹುದ್ದೆ, ಮನೆ, ಮಾನ ಎಲ್ಲ ಸಿಗುತ್ತಿತ್ತು. ಅದನ್ನೆಲ್ಲ ಬಿಟ್ಟು ಬಾಸೆಲ್ ಮಿಶನ್ನಿನ ಪರವಾಗಿ 1836ರಲ್ಲಿ ಮಂಗಳೂರಿಗೆ ಬಂದರು.

ಆ ಕಾಲದಲ್ಲಿ ಬಿಳಿಯರೆಂದರೆ ಕಂಪನಿ ಸರಕಾರದ ದೊರೆಗಳು. ಬಂಗಲೆ, ಮೇನೆ, ಆಳುಕಾಳು ಅವರ ಬದುಕು. ಮೊಗ್ಲಿಂಗರು ಮಾತ್ರ ಶಾಲೆ ತೆರೆದು, ಶಾಲೆಯ ಹುಡುಗರ ಜತೆಗೇ ವಾಸ ಮಾಡಿದರು, ಅವರು ಉಣ್ಣುವುದನ್ನೇ ಉಂಡರು. ಯಾರ ಪಕ್ಕ ಯಾರು ಕೂತು ಉಣ್ಣಬೇಕು ಎಂಬುದರ ಮೇಲೆ ಊರೇ ನಿಂತಿದ್ದ ದಿನಗಳವು. ದೊರೆಯ ಬಣ್ಣದವನೊಬ್ಬ ಹುಡುಗರ ಪಂಕ್ತಿಗೆ ಇಳಿದು ಬಂದದ್ದು ಎಷ್ಟು ದೊಡ್ಡ ಮಾತು ಎನ್ನುವುದು ನಮ್ಮ ಹಳ್ಳಿಯ ಹಿರೇರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಸಂಗತಿಯನ್ನು ಮುಚ್ಚಿಡಬಾರದು. ಅವರು ಬಂದದ್ದು ಮತಪ್ರಚಾರಕ್ಕೇ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣರು ಕ್ರೈಸ್ತರಾದಾಗ ಮಂಗಳೂರಿನಲ್ಲಿ ದೊಡ್ಡ ಗದ್ದಲ ಎದ್ದಿತು. ಹೆತ್ತವರ ಸಂಕಟ ಸುಳ್ಳಲ್ಲ. ಹಾಗಾದರೆ ಅವರ ಪ್ರೀತಿಯೆಲ್ಲ ಮಂದಿಯನ್ನು ಒಲಿಸಿಕೊಳ್ಳುವ ಉಪಾಯವೇ ಎಂದು ಯಾರಾದರೂ ಕೇಳಬಹುದು. ನಾವೂ ಕೇಳಿಕೊಂಡೆವು. ಅದಕ್ಕೆ ಉತ್ತರ ಅವರ ಪುಸ್ತಕಗಳಲ್ಲಿ ಸಿಕ್ಕಿತು. ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಹಣದ ನೆರವಿನಿಂದ ಇವರು ಅಚ್ಚು ಹಾಕಿಸಿದ್ದು ಜೈಮಿನಿ ಭಾರತ, ಬಸವ ಪುರಾಣ, ಚೆನ್ನಬಸವ ಪುರಾಣ, ದಾಸರ ಪದಗಳು. ಓಲೆಗರಿಯಲ್ಲಿ ಹುಳ ತಿನ್ನುತ್ತಿದ್ದ ನಮ್ಮ ಪುರಾಣಗಳನ್ನು ಬೇರೆ ಧರ್ಮದ ಪಾದ್ರಿಯೊಬ್ಬರು ಜೋಪಾನ ಮಾಡಿದರು. ಕಲಿಸಲು ಬಂದವರು ಕಲಿಯುವವರಾಗಿ ಕೆಳಗೆ ಕೂಡದಿದ್ದರೆ ಈ ಕೆಲಸ ಆಗುತ್ತಿರಲಿಲ್ಲ. ಇದಕ್ಕಾಗಿ 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು.

1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಟಿತು. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ. ಮೊಗ್ಲಿಂಗರೇ ಸಂಪಾದಕರು. ಸರಕಾರದ ಕಾಯ್ದೆ, ಊರ ಸುದ್ದಿ, ಪರದೇಶದ ಸುದ್ದಿ, ಕಥೆ ಎಲ್ಲ ಇರುತ್ತಿತ್ತು. ಅದು ಕಲ್ಲಚ್ಚು. ಮಸ್ಕಿಯಲ್ಲಿ ಅಶೋಕ ಚಕ್ರವರ್ತಿ ಕಲ್ಲಿನ ಮೇಲೆ ಕೊರೆಸಿದ್ದು ಕಲ್ಲಿನಲ್ಲೇ ಉಳಿಯಿತು, ಇವರು ಕಲ್ಲಿನಿಂದ ಕಾಗದಕ್ಕೆ ಇಳಿಸಿ ಮಂದಿಯ ಕೈಗೆ ಕೊಟ್ಟರು. 1844ರಲ್ಲಿ ಪತ್ರಿಕೆ ನಮ್ಮ ನೆರೆಯ ಬಳ್ಳಾರಿಗೆ ಬಂದು, ಕನ್ನಡ ಸಮಾಚಾರ ಎಂಬ ಹೆಸರಿನಲ್ಲಿ ಮೊಳೆಯಚ್ಚಿನಲ್ಲಿ ನಡೆಯಿತು.

1853ರಲ್ಲಿ ಅಲಮಂಡ ಸೋಮಯ್ಯ ಎಂಬ ಕೊಡವರ ಜತೆ ಮೊಗ್ಲಿಂಗರು ಕೊಡಗಿಗೆ ಹೋದರು. ಮುಂದೆ ಅಲ್ಲಿ ಅವರು ಹೆಚ್ಚಾಗಿ ದುಡಿದದ್ದು ಒಡೆಯರ ಗದ್ದೆಯಲ್ಲಿ ತಲೆಮಾರುಗಳಿಂದ ಜೀತ ಮಾಡುತ್ತಿದ್ದ ದಲಿತರಿಗಾಗಿ. ಅವರಿಗೆ ಸ್ವಂತದ್ದು ಎನ್ನಲು ಅಂಗೈ ಅಗಲ ಭೂಮಿ ಇರಲಿಲ್ಲ. ಅವರಿಗೊಂದು ನೆಲೆಯಾಗಲೆಂದು ಭೂಮಿ ಮಾಡಿ ಕಟ್ಟಿದ ಊರೇ ಆನಂದಪುರ. ಹಿಂದೆ ಹೇಳಿದ ಆನಂದರಾವ್ ಕೌಂಡಿನ್ಯರೂ ಇದಕ್ಕೆ ತಮ್ಮ ಸ್ವಂತ ರೊಕ್ಕ ಹಾಕಿದರು, ಊರಿನ ಹೆಸರು ಅವರದೇ. ಕೂಡಿ ದುಡಿದು ಬಡವನಿಗೆ ನೆಲೆ ಮಾಡಿಕೊಡುವುದು ಏನೆಂದು ನಮ್ಮ ಸಂಘದವರಿಗೆ ಗೊತ್ತು. ಸಂಬಂಧ ಏನು ಎಂದು ಕೇಳಿದವರಿಗೆ ನಾವು ಹೇಳಿದ್ದೂ ಇದನ್ನೇ.

ಮನೆಯ ಬದುಕಿನಲ್ಲೂ ಹಾಗೆಯೇ. ಜತೆಗೆ ಕೆಲಸ ಮಾಡುತ್ತಿದ್ದ ಬಂಧು ವೈಗ್ಲೆ ಅವರು 1855ರಲ್ಲಿ ತೀರಿಕೊಂಡರು. ಹೆಂಡತಿ ಪೌಲೀನಾ ಮತ್ತು ನಾಲ್ಕು ಮಕ್ಕಳು ಪರದೇಶದಲ್ಲಿ ದಿಕ್ಕಿಲ್ಲದವರಾದರು. ಅಷ್ಟು ವರ್ಷ ಒಂಟಿಯಾಗಿದ್ದ ಮೊಗ್ಲಿಂಗರು ಆಕೆಯನ್ನು ಮದುವೆಯಾಗಿ ನಾಲ್ಕೂ ಮಕ್ಕಳಿಗೆ ತಂದೆಯಾದರು. ವಿಧವೆಗೆ ಮರುಮದುವೆ ಎಂದರೆ ನಮ್ಮಲ್ಲಿ ಮೂಗು ಮುರಿಯುವವರು ಈಗಲೂ ಇದ್ದಾರೆ, ಅದಕ್ಕೆ ಇಷ್ಟು ಬರೆದೆವು.

ಹೆಂಡತಿಯ ಆರೋಗ್ಯ ಕೆಟ್ಟಾಗ, ಇಪ್ಪತ್ತನಾಲ್ಕು ವರ್ಷ ದುಡಿದ ನೆಲವನ್ನು ಬಿಟ್ಟು 1860ರಲ್ಲಿ ಆಕೆಯನ್ನು ಕರಕೊಂಡು ಜರ್ಮನಿಗೆ ಹೋದರು. 1881ರ ಮೇ 10ರಂದು ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು.

ಪ್ರತಿ ವರ್ಷ ಜುಲೈ 1ರಂದು ನಾಡಿನಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. ಅಂದು ಮೊಗ್ಲಿಂಗರ ಪತ್ರಿಕೆಯ ಬಗ್ಗೆ ಭಾಷಣಗಳಾಗುತ್ತವೆ, ಆನಂದಪುರದ ಹೆಸರು ಎತ್ತುವವರು ಕಡಿಮೆ. ಆ ಊರು ಕೊಡಗಿನಲ್ಲಿ ಈಗಲೂ ಇದೆ.