ಮಗು ಅಳದಿದ್ದಾಗ: ವರ್ಜೀನಿಯಾ ಅಪ್‌ಗಾರ್ ನಮಗೆ ಯಾಕೆ ಬೇಕು?

ಹೆರಿಗೆ ಆದ ಕೂಡಲೇ ಎಲ್ಲರೂ ಕಾಯೋದು ಮಗುವಿನ ಅಳುವಿಗೆ. ಅದು ಕೇಳಿಸದಿದ್ದರೆ? ಈ ಪ್ರಶ್ನೆಯನ್ನು ಅಂದಾಜಿಗೆ ಬಿಡಬಾರದು ಅಂತ ಹೊರಟವರು ವರ್ಜೀನಿಯಾ ಅಪ್‌ಗಾರ್.

1909ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿ, 1933ರಲ್ಲಿ ಕೊಲಂಬಿಯಾದಲ್ಲಿ ಡಾಕ್ಟರ್ ಆದರು. ಆಸೆ ಇದ್ದದ್ದು ಸರ್ಜನ್ ಆಗೋಕೆ. ಹೆಂಗಸಿಗೆ ಅಲ್ಲಿ ನೆಲೆ ಸಿಗಲ್ಲ ಅಂತ ಮುಖ್ಯಸ್ಥರೇ ಅರಿವಳಿಕೆ ಕಡೆ ಕಳಿಸಿದರು. 1938ರಿಂದ ಆ ವಿಭಾಗವನ್ನು ಕಟ್ಟಿ ಬೆಳೆಸಿದ್ದು ಅಪ್‌ಗಾರ್. ಅದು ದೊಡ್ಡದಾದ ಮೇಲೆ ಮುಖ್ಯಸ್ಥನ ಕುರ್ಚಿ ಸಿಕ್ಕಿದ್ದು ಒಬ್ಬ ಗಂಡಸಿಗೆ. 1949ರಲ್ಲಿ ಆ ವೈದ್ಯಕೀಯ ಕಾಲೇಜಿನ ಮೊದಲ ಮಹಿಳಾ ಪ್ರೊಫೆಸರ್ ಆದ ಆಕೆ ಹೆರಿಗೆ ಕೋಣೆಯ ಕಡೆ ತಿರುಗಿದರು.

ಅಲ್ಲಿ ಎಲ್ಲರ ಗಮನ ತಾಯಿಯ ಮೇಲೆ. ಮಗುವನ್ನು ಅಳೆದು ನೋಡುವ ಪದ್ಧತಿಯೇ ಇರಲಿಲ್ಲ. 1953ರಲ್ಲಿ ಪ್ರಕಟವಾದ ಆಕೆಯ ಸ್ಕೋರ್ ಕೇಳೋದು ಐದೇ ಸಂಗತಿ: ಹೃದಯ ಬಡಿತ, ಉಸಿರು, ಸ್ನಾಯುಗಳ ಬಿಗಿ, ಕೆಣಕಿದರೆ ಸ್ಪಂದನೆ, ಮೈಬಣ್ಣ. ಪ್ರತಿಯೊಂದಕ್ಕೂ 0, 1 ಅಥವಾ 2. ಹುಟ್ಟಿದ ಒಂದು ನಿಮಿಷಕ್ಕೆ ಲೆಕ್ಕ. ಇಂಜಿನಿಯರಿಂಗ್ ಓದಿದ ನನಗೆ ಇಲ್ಲಿ ಹಿಡಿಸೋದು ಇದೇ: ದುಬಾರಿ ಯಂತ್ರ ಬೇಡ, ಕಣ್ಣು, ಕೈ, ಕಿವಿ ಸಾಕು.

ಆದರೆ ಬರೀ ಅಂಕ ಜೀವ ಉಳಿಸಲ್ಲ. ಉಸಿರಾಡದ ಮಗುವಿನ ಮುಂದೆ ಲೆಕ್ಕ ಹಾಕುತ್ತಾ ನಿಲ್ಲೋ ಹಾಗಿಲ್ಲ. ಒರೆಸಿ ಬೆಚ್ಚಗಿಟ್ಟು, ಬೆನ್ನು ಉಜ್ಜಿ, ಆಗಲೂ ಉಸಿರು ಬರದಿದ್ದರೆ ಮೊದಲ ನಿಮಿಷದೊಳಗೇ ಬ್ಯಾಗ್-ಮಾಸ್ಕ್‌ನಿಂದ ಗಾಳಿ ಕೊಡಬೇಕು. ಅದು ಪುಸ್ತಕದಿಂದ ಬರೋ ವಿದ್ಯೆ ಅಲ್ಲ, ಕೈಗೆ ರೂಢಿಯಾಗಬೇಕು.

ಅಪ್‌ಗಾರ್ 1974ರಲ್ಲಿ ತೀರಿಕೊಂಡರು. ದಶಕಗಳ ನಂತರ ನಮ್ಮ ಬೆಳಗಾವಿಯಲ್ಲಿ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಸೇರಿದಂತೆ ಹೆರಿಗೆ ಮಾಡಿಸುವ ಸುಮಾರು 600 ಮಂದಿಗೆ 'ಹೆಲ್ಪಿಂಗ್ ಬೇಬೀಸ್ ಬ್ರೀದ್' ತರಬೇತಿ ಸಿಕ್ಕಿತು. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸತ್ತು ಹುಟ್ಟಿದವು ಅಂತ ದಾಖಲಾಗುತ್ತಿದ್ದ ಮಕ್ಕಳ ಪ್ರಮಾಣ ಶೇ. 3ರಿಂದ 2.3ಕ್ಕೆ ಇಳಿಯಿತು. ಹುಟ್ಟಿದ ಮೇಲಿನ ಸಾವುಗಳು ಅದಕ್ಕೆ ತಕ್ಕಂತೆ ಏರಲೂ ಇಲ್ಲ. ಅಂದರೆ, ಮುಗಿದೇ ಹೋಯ್ತು ಅಂತ ಬದಿಗಿಡುತ್ತಿದ್ದ ಕೆಲವು ಮಕ್ಕಳನ್ನು ಉಳಿಸಬಹುದಿತ್ತು.

ಆಸ್ಪತ್ರೆ ಕಟ್ಟಡದ ಉದ್ಘಾಟನೆಗೆ ನಮ್ಮ ಶಾಸಕರು ತಪ್ಪದೆ ಬರ್ತಾರೆ. ಈ ಸಲ ಬಂದಾಗ ನಾವು ಕೇಳಬೇಕಾದ್ದು ಇಷ್ಟೇ: ಇಲ್ಲಿನ ನರ್ಸ್ ಕೊನೆಯ ಸಲ ಬೊಂಬೆಯ ಮೇಲೆ ಬ್ಯಾಗ್-ಮಾಸ್ಕ್ ಅಭ್ಯಾಸ ಮಾಡಿದ್ದು ಯಾವಾಗ?